ನಾರಾವಿಯಲ್ಲಿ ಹತ್ತು ರಾಗ

ಕಾರ್ಕಳದಿಂದ ಬಜಗೋಳಿ, ಹೊಸ್ಮಾರು ದಾಟಿ ಗುರುವಾಯನಕೆರೆಯತ್ತ ಹೋಗುವ ದಾರಿಯಲ್ಲಿ ನಾರಾವಿ ಸಿಗುತ್ತದೆ. ಧರ್ಮಸ್ಥಳಕ್ಕೆ ಹೋಗುವವರು ಬಸ್ಸಿನ ಕಿಟಕಿಯಿಂದ ನೋಡಿ ಮರೆತುಬಿಡುವಂಥ ಸಣ್ಣ ಪೇಟೆ. ಒಂದು ಸೂರ್ಯನಾರಾಯಣ ದೇವಸ್ಥಾನ, ಒಂದು ಇಗರ್ಜಿ, ಸುತ್ತ ಅಡಿಕೆ ತೋಟ, ರಬ್ಬರು, ಮೂಡಣ ದಿಕ್ಕಿಗೆ ಕುದುರೆಮುಖದ ಕಾಡು. ಇಲ್ಲಿ ಮಳೆ ಹಿಡಿಯಿತೆಂದರೆ ಹಿಡಿದದ್ದೇ. ಜೂನಿನಿಂದ ಹೆಚ್ಚುಕಡಿಮೆ ಚೌತಿಯವರೆಗೆ ಮದುವೆಯಿಲ್ಲ, ಕೋಲವಿಲ್ಲ, ಬಯಲಾಟವಿಲ್ಲ. ಹಾಗಾಗಿ ಆ ಮೂರು ತಿಂಗಳು ಮೈಕದಣ್ಣನಿಗೂ ಕೆಲಸವಿಲ್ಲ.

ಆತನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದೆ. ಆದರೆ ಊರಿನ ಬಾಯಲ್ಲಿ ಮೈಕದಣ್ಣನೇ. ಮೈಕ್ ಸೆಟ್ಟಿನ ಕಸುಬಿಗೆ ಇಳಿದಾಗ ಮೀಸೆ ಚಿಗುರಿರಲಿಲ್ಲ. ಈಗ ಅರವತ್ತು ದಾಟಿ ಎರಡು ವರ್ಷ ಆಗಿದೆ. ಪೇಟೆಯ ಹಿಂಬದಿಯ ಶೀಟಿನ ಮಾಡಿನ ಗೋದಾಮಿನಲ್ಲಿ ಆತನ ಡಬ್ಬಿಗಳು, ಆಂಪ್ಲಿಫಯರುಗಳು, ಸುತ್ತಿಟ್ಟ ವಯರುಗಳು, ಈಗ ಯಾರೂ ಕೇಳದ ಹಾರ್ನುಗಳು ಇವೆ. ಮಳೆಗಾಲದಲ್ಲಿ ಸ್ಪೀಕರಿನ ಕಾಗದದ ಕೋನಿಗೆ ಬೂಸು ಹಿಡಿಯುತ್ತದೆ. ಅದಕ್ಕಾಗಿ ಪ್ರತಿ ಶನಿವಾರ ಸಂಜೆ ಎಲ್ಲ ಡಬ್ಬಿಗಳಿಗೂ ಕರೆಂಟು ಕೊಟ್ಟು ಒಂದೆರಡು ಗಂಟೆ ಏನಾದರೊಂದು ಹಾಡು ಹಾಕಿಡುವುದು ಆತನ ಪದ್ಧತಿ. 'ಅವಕ್ಕೂ ಸ್ವಲ್ಪ ಬೆಚ್ಚಗೆ ಆಗಬೇಕಲ್ಲ' ಎನ್ನುತ್ತಾನೆ. ಆ ಹೊತ್ತಿಗೆ ಭಜನಾ ಮಂಡಳಿಯ ಹಾರ್ಮೋನಿಯಂ ಬಾರಿಸುವ ನಿವೃತ್ತ ಪೋಸ್ಟ್ ಮಾಸ್ಟ್ರು ಕೊಡೆ ಮಡಚಿ ಬಾಗಿಲಲ್ಲಿಟ್ಟು ಒಳಗೆ ಬರುತ್ತಾರೆ. ಚಹಾ ಬರುತ್ತದೆ. ಊರಿನ ಸುದ್ದಿ ಮುಗಿದ ಮೇಲೆ ಹಾಡಿನ ಸುದ್ದಿ.

ಒಂದು ಮಳೆಗಾಲದಲ್ಲಿ ಈ ಕೂಟಕ್ಕೆ ಮೂರನೆಯವನೊಬ್ಬ ಸೇರಿದ. ಮೈಕದಣ್ಣನ ತಂಗಿಯ ಮಗ. ಮುಂಬಯಿಯ ಅಂಧೇರಿಯಲ್ಲಿ ಕಾರ್ಯಕ್ರಮಗಳಿಗೆ ಸೌಂಡು ಒದಗಿಸುವವರಲ್ಲಿ ಕೆಲಸಕ್ಕಿರುವ ಹುಡುಗ. ತುಳುವರ ಮನೆಯಲ್ಲಿ ಮಾವ-ಅಳಿಯ ಎಂದರೆ ಬರಿಯ ನೆಂಟಸ್ತಿಕೆಯಲ್ಲ, ಮನೆತನದ ದಾರಿಯೇ ಅದು. ಗೋದಾಮಿನ ಬೀಗದ ಕೈ ಮುಂದೆ ಯಾರ ಸೊಂಟಕ್ಕೆ ಹೋಗಬೇಕೆಂಬುದು ಆಡದಿದ್ದರೂ ಎಲ್ಲರಿಗೂ ಗೊತ್ತಿದ್ದದ್ದೇ. ಹುಡುಗ ತನ್ನ ಪೆನ್ ಡ್ರೈವಿನಲ್ಲಿ ಒಂದು ಹಳೆಯ ರೆಕಾರ್ಡನ್ನೂ, ಅದರ ಮೇಲೆ ತಾನೇ ಮಾಡಿದ ಒಂದು ರೀಮಿಕ್ಸನ್ನೂ ತಂದಿದ್ದ.

ರೆಕಾರ್ಡಿನ ಹೆಸರು 'ಸಿಂಥಸೈಸಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್'. ಡಿಸ್ಕೋ ತಾಳಕ್ಕೆ ಹತ್ತು ರಾಗಗಳು. ಮುಂಬಯಿಯ ಸಿನಿಮಾ ಆರ್ಕೆಸ್ಟ್ರಾಗಳಲ್ಲಿ ವರ್ಷಗಟ್ಟಲೆ ಗಿಟಾರು, ಕೀಬೋರ್ಡು ನುಡಿಸಿದ ಚರಣ್‌ಜಿತ್ ಸಿಂಗ್ ಎಂಬವರು 1982ರಲ್ಲಿ ಇದನ್ನು ಮಾಡಿದರು. ಹೊರತಂದದ್ದು ಗ್ರಾಮಫೋನ್ ಕಂಪೆನಿ, ಅಂದರೆ ಊರಿನವರು 'ನಾಯಿ ಮಾರ್ಕು' ಎನ್ನುತ್ತಿದ್ದ ಎಚ್.ಎಂ.ವಿ. ಸಿಂಗ್ ಸಿಂಗಾಪುರದಿಂದ ತಂದಿದ್ದ ಜಪಾನಿನ ರೋಲೆಂಡ್ ಕಂಪೆನಿಯ ಮೂರು ಪೆಟ್ಟಿಗೆಗಳಿಂದಲೇ ಇಡೀ ರೆಕಾರ್ಡು ಆಯಿತು. ಜ್ಯೂಪಿಟರ್-8 ಎಂಬ ಕೀಬೋರ್ಡು ರಾಗಕ್ಕೆ, ಟಿಆರ್-808 ತಾಳಕ್ಕೆ, ಟಿಬಿ-303 ಎಂಬ ಬೆಳ್ಳಿ ಬಣ್ಣದ ಸಣ್ಣ ಪೆಟ್ಟಿಗೆ ಬೇಸಿಗೆ. ಒಂದು ಮಗ್ಗುಲಲ್ಲಿ ಭೈರವ್, ಲಲಿತ್, ಭೂಪಾಲಿ, ತೋಡಿ, ಮಧುವಂತಿ. ಇನ್ನೊಂದರಲ್ಲಿ ಮೇಘ ಮಲ್ಹಾರ್, ಯಮನ್, ಕಲಾವತಿ, ಮಾಲಕೌಂಸ್, ಬೈರಾಗಿ. ಒಂದೊಂದು ಸುಮಾರು ಐದು ನಿಮಿಷ.

ಆ ಕಾಲಕ್ಕೆ ಅದು ಮಾರಾಟವಾಗಲಿಲ್ಲ. ರಾಗ ಕೇಳುವವರಿಗೆ ಡಿಸ್ಕೋ ಬೇಡ, ಡಿಸ್ಕೋ ಕುಣಿಯುವವರಿಗೆ ರಾಗ ಬೇಡ. ಹಳೆಯ ರೆಕಾರ್ಡು ಹುಡುಕುತ್ತ ಭಾರತ ಸುತ್ತುತ್ತಿದ್ದ ಎಡೋ ಬೌಮನ್ ಎಂಬ ಡಚ್ಚರವನೊಬ್ಬ ದಿಲ್ಲಿಯಲ್ಲಿ ಇದನ್ನು ಕಂಡು, ಕೇಳಿ, ಬೆರಗಾಗಿ, 2010ರಲ್ಲಿ ಮರಳಿ ಅಚ್ಚು ಹಾಕಿಸಿದ. ಆಮೇಲೆ ಗದ್ದಲವೆದ್ದಿತು. ಅಮೆರಿಕದ ಶಿಕಾಗೋದಲ್ಲಿ ಫ್ಯೂಚರ್ ಎಂಬ ತಂಡದ ಹುಡುಗರು ಇದೇ 303 ಪೆಟ್ಟಿಗೆಯ ತಿರುಪು ತಿರುಗಿಸಿ 1987ರಲ್ಲಿ 'ಆಸಿಡ್ ಟ್ರ್ಯಾಕ್ಸ್' ತಂದದ್ದರಿಂದಲೇ 'ಆಸಿಡ್ ಹೌಸ್' ಎಂಬ ಕುಣಿತದ ಸಂಗೀತ ಹುಟ್ಟಿತೆಂದು ಎಲ್ಲರೂ ನಂಬಿದ್ದರು. ಐದು ವರ್ಷ ಮೊದಲೇ ಮುಂಬಯಿಯ ಸರದಾರ್ಜಿಯೊಬ್ಬರು ಅಂಥದ್ದೇ ಧ್ವನಿ ಹೊರಡಿಸಿದ್ದರಲ್ಲ! ಆದರೆ 'ಆಸಿಡ್ ಹೌಸಿನ ಪಿತಾಮಹ' ಎಂಬ ಬಿರುದು ಸ್ವಲ್ಪ ದೊಡ್ಡದಾಯಿತು. ಶಿಕಾಗೋದ ಹುಡುಗರು ಸಿಂಗರ ರೆಕಾರ್ಡನ್ನು ಕೇಳಿದವರಲ್ಲ. ಸಿಂಗರಿಗೆ ಶಿಕಾಗೋದ ಗೊಡವೆ ಇರಲಿಲ್ಲ. ಒಂದೇ ಪೆಟ್ಟಿಗೆ ಎರಡು ಊರಿನಲ್ಲಿ ಎರಡು ಬೇರೆ ಕೈಗೆ ಸಿಕ್ಕಿತು, ಅಷ್ಟೆ. ಅಷ್ಟೇ ಸಾಕಷ್ಟು ಸೋಜಿಗವಾಗಿರುವಾಗ ಪಿತಾಮಹನನ್ನು ಹುಡುಕುವ ಹಟ ಯಾಕೋ. ಇಳಿವಯಸ್ಸಿನಲ್ಲಿ ಯುರೋಪಿನ ವೇದಿಕೆಗಳಲ್ಲಿ ಇದನ್ನು ನುಡಿಸಿ ಬಂದ ಸಿಂಗ್ 2015ರ ಜುಲೈಯಲ್ಲಿ ಮುಂಬಯಿಯಲ್ಲಿ ತೀರಿಕೊಂಡರು.

ಇದನ್ನೆಲ್ಲ ಅಳಿಯ ಹೇಳಿದ. ಪೋಸ್ಟ್ ಮಾಸ್ಟ್ರಿಗೆ ಕಥೆಗಿಂತ ರಾಗದ ಹೆಸರುಗಳು ಕಿವಿಗೆ ಬಿದ್ದವು. 'ಹಾಕು ನೋಡುವ' ಎಂದರು.

ಮೊದಲನೆಯ ಭೈರವ್ ಶುರುವಾಗುವುದೇ ಯಂತ್ರದ ಗಂಟಲಲ್ಲಿ ಹೊರಡುವ 'ಓಂ ನಮಃ ಶಿವಾಯ' ಎಂಬ ಪಲುಕಿನಿಂದ. ಮಾಸ್ಟ್ರು ಬೆಚ್ಚಿದರು. 'ಎಂತ ಮಾರಾಯ, ಇದಕ್ಕೆ ಶೀತ ಆಗಿದೆಯಾ?' ಎಂದರು. ಅಳಿಯ ನಕ್ಕ. ಬಳಿಕ ಟಪಟಪನೆ ತಾಳ ಹಿಡಿಯಿತು, ಅದರಡಿಯಲ್ಲಿ ಬೇಸು ಕುದಿಯತೊಡಗಿತು, ಮೇಲೆ ಕೀಬೋರ್ಡು ರಾಗ ಬಿಡಿಸಿತು. ಮಾಸ್ಟ್ರು ಚಹಾದ ಗ್ಲಾಸು ಕೆಳಗಿಟ್ಟರು. 'ಮಾಯಾಮಾಳವಗೌಳ' ಎಂದರು. 'ಸರಳೆ ವರಸೆಯ ರಾಗ. ಮಕ್ಕಳಿಗೆ ಮೊದಲ ಪಾಠ.' ಹಿಂದುಸ್ತಾನಿಯ ಭೈರವ್ ಮತ್ತು ನಮ್ಮ ಕಡೆಯ ಮಾಯಾಮಾಳವಗೌಳದ ಸ್ವರಗಳು ಒಂದೇ, ನಡಿಗೆ ಬೇರೆ.

ಲಲಿತ್ ಬಂದಾಗ ಅವರು ಎದ್ದು ಡಬ್ಬಿಯ ಹತ್ತಿರ ಹೋಗಿ ನಿಂತರು. ಲಲಿತ್ ರಾಗದಲ್ಲಿ ಶುದ್ಧ ಮಧ್ಯಮ, ತೀವ್ರ ಮಧ್ಯಮ ಎರಡೂ ಒಂದರ ಪಕ್ಕ ಒಂದು ಬರುತ್ತವೆ, ಪಂಚಮ ಬರುವುದೇ ಇಲ್ಲ. ಹಾರ್ಮೋನಿಯಂ ಬಾರಿಸುವವನಿಗೆ ಅಲ್ಲಿ ಬೆರಳು ಜಾರುತ್ತದೆ. ಯಂತ್ರ ಜಾರುತ್ತದೆಯೇ ಎಂದು ಕಾದರು. ಜಾರಲಿಲ್ಲ. 'ಇದು ಯಂತ್ರ ಬಾರಿಸಿದ್ದಲ್ಲ, ಮನುಷ್ಯನೇ' ಎಂದರು. ಸರಿಯಾಗಿಯೇ ಹೇಳಿದರು. ತಾಳ ಮತ್ತು ಬೇಸನ್ನು ಪೆಟ್ಟಿಗೆಗಳಿಗೆ ಮೊದಲೇ ಹೇಳಿಟ್ಟು, ರಾಗವನ್ನು ಸಿಂಗ್ ಕೈಯಿಂದ ನುಡಿಸಿದ್ದರು. ಭೂಪಾಲಿ ಬಂದಾಗ ಮಾತ್ರ ಮಾಸ್ಟ್ರು ಏನೂ ಹೇಳಲಿಲ್ಲ. ಅದು ನಮ್ಮ ಮೋಹನದ ಸ್ವರಗಳು. ಸಣ್ಣಗೆ ಭಜನೆಯೊಂದನ್ನು ಗುನುಗಲು ಹತ್ತಿ ನಡುವೆ ನಿಲ್ಲಿಸಿ, 'ಆದರೆ ಇದರಲ್ಲಿ ಗಮಕ ಇಲ್ಲ ನೋಡು' ಎಂದು ತಕರಾರು ತೆಗೆದರು. 'ತಾಳವೂ ಇಲ್ಲ. ಸುಮ್ಮನೆ ನಾಲ್ಕು ನಾಲ್ಕು ನಾಲ್ಕು. ಗಡಿಯಾರ ಇದು.'

'ಭಜನೆಗೆ ನೀವು ಇಟ್ಟುಕೊಳ್ಳುವ ಶ್ರುತಿಪೆಟ್ಟಿಗೆ ಕರೆಂಟಿನದ್ದೇ ಅಲ್ವಾ ಮಾಸ್ಟ್ರೇ?' ಎಂದ ಹುಡುಗ.

ಮಾತು ಚುಚ್ಚಿತು, ಯಾಕೆಂದರೆ ನಿಜ. ಇಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿಯೇ. ಕೊಳಲು ನುಡಿಸುವ ಇಂಜಿನಿಯರ್ ಜಿ. ರಾಜ್ ನಾರಾಯಣ್ ಅವರು 1970ರ ದಶಕದ ಕೊನೆಯಲ್ಲಿ ಅದನ್ನು ಮಾಡಿ ರಾಡೆಲ್ ಕಂಪೆನಿ ಕಟ್ಟಿದರು. ತಂಬೂರಿ ಮೀಟುವವರು ಸಿಗದ ಹಳ್ಳಿಗಳಿಗೂ ಅದು ತಲುಪಿತು. ಹಾರ್ಮೋನಿಯಮ್ಮಿನ ಕಥೆಯೋ ಇನ್ನೂ ಕಹಿ. ಗಮಕ ಬಾರದ ಪರದೇಶಿ ಪೆಟ್ಟಿಗೆಯೆಂದು 1940ರಲ್ಲಿ ಆಕಾಶವಾಣಿ ಅದನ್ನು ಹೊರಗೆ ಹಾಕಿತ್ತು. 1971ರ ತನಕ ಬಾಗಿಲು ತೆರೆಯಲಿಲ್ಲ. ಎಳೆಯ ವಯಸ್ಸಿನಲ್ಲಿ 'ನಿನ್ನದು ವಾದ್ಯವೇ ಅಲ್ಲ' ಎಂಬ ಮಾತನ್ನು ಕೇಳಿ ನುಂಗಿದವರು ಮಾಸ್ಟ್ರು. ಸ್ವಲ್ಪ ಹೊತ್ತು ಮಳೆಯನ್ನೇ ನೋಡುತ್ತ ಕೂತರು. ಆಮೇಲೆ, 'ಇನ್ನೊಂದು ಸರ್ತಿ ಲಲಿತ್ ಹಾಕು. ಆ ಚಿಸ್ ಚಿಸ್ ಅಂತ ಒಂದು ಕೇಳ್ತದಲ್ಲ, ನಮ್ಮ ಭಜನೆಯ ತಾಳದ ಹಾಗೆ, ಅದು ಚೆಂದ ಉಂಟು' ಎಂದರು.

'ಯಾವ ಚಿಸ್ ಚಿಸ್?' ಎಂದ ಮೈಕದಣ್ಣ.

ಇಬ್ಬರೂ ಅವನನ್ನು ನೋಡಿದರು. ಅವನು ಡಬ್ಬಿಯ ಮರದ ಮಗ್ಗುಲಿಗೆ ಅಂಗೈ ಒತ್ತಿ ನಿಂತಿದ್ದ. ಅದು ಅವನ ಹಳೆಯ ಅಭ್ಯಾಸ, ಡಬ್ಬಿ ಸಡಿಲವಾಗಿ ಗಡಗಡಿಸುತ್ತದೆಯೇ ಎಂದು ನೋಡುವುದು. ಆದರೆ ಈಗೀಗ ಅವನು ಹಾಡು ಶುರುವಾದೊಡನೆ ಕೈ ಇಡುತ್ತಿದ್ದ, ಮುಗಿಯುವ ತನಕ ತೆಗೆಯುತ್ತಿರಲಿಲ್ಲ. ಅದನ್ನು ಮಾಸ್ಟ್ರು ಗಮನಿಸಿದ್ದರೂ ಅರ್ಥ ಮಾಡಿಕೊಂಡಿರಲಿಲ್ಲ.

ಮೈಕದಣ್ಣನ ಕಿವಿಯ ಚರಿತ್ರೆಯೂ ಈ ಊರಿನ ಸಂಗೀತದ ಚರಿತ್ರೆಯೂ ಒಂದೇ. ಅವನು ಕಸುಬು ಹಿಡಿದಾಗ ಇದ್ದದ್ದು ಹಾರ್ನು. ತೆಂಗಿನ ಮರಕ್ಕೋ ಅಡಿಕೆ ಮರದ ಕಂಬಕ್ಕೋ ಕಟ್ಟಿದರೆ ಮೂರು ಗುಡ್ಡದಾಚೆಗೆ ಕೇಳುತ್ತಿತ್ತು. 1981ರಲ್ಲಿ ಶಂಕರ್‌ನಾಗ್ 'ಗೀತಾ' ಸಿನಿಮಾ ಮಾಡಿದರು, ಇಳಯರಾಜ ಸಂಗೀತ. ಅದರಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಹಾಡಿದ ಕುಣಿತದ ಹಾಡನ್ನು ಹಾಕದೆ ಆ ಕಾಲದಲ್ಲಿ ಒಂದು ಮದುವೆಯ ದಿಬ್ಬಣವೂ ಹೊರಡಲಿಲ್ಲ. ಆ ಹಾಡಿನ ಪ್ರಾಣವೇ ಬೇಸ್ ಗಿಟಾರು. ಆದರೆ ನಾರಾವಿಯಲ್ಲಿ ಯಾರೂ ಆ ಬೇಸನ್ನು ಕೇಳಿರಲಿಲ್ಲ! ಹಾರ್ನಿನ ಬಾಯಿ ಸಣ್ಣದು. ಸೆಕೆಂಡಿಗೆ ಸುಮಾರು 300 ಕಂಪನಗಳಿಗಿಂತ ಕೆಳಗಿನ ಸ್ವರ ಅದರಿಂದ ಹೊರಗೆ ಬರುವುದೇ ಇಲ್ಲ ಎನ್ನಬಹುದು. ಬೇಸ್ ಗಿಟಾರಿನ ಕೆಳಗಿನ ತಂತಿ ನಡುಗುವುದು ಸೆಕೆಂಡಿಗೆ 41 ಸಲ. ಕೆಳಗಿನ ಸ್ವರ ಬಾರದಿದ್ದರೂ ಅದರ ಮೇಲಿನ ಮರಿಸ್ವರಗಳು ಬರುತ್ತವೆ. ಅವುಗಳ ಅಂತರವನ್ನು ಲೆಕ್ಕ ಹಾಕಿ ಮಿದುಳು ಇಲ್ಲದ ಸ್ವರವನ್ನು ಊಹಿಸಿಕೊಳ್ಳುತ್ತದೆ. ಹೀಗೆ ಒಂದು ಇಡೀ ತಲೆಮಾರು ಡಿಸ್ಕೋವನ್ನು ಊಹಿಸಿಕೊಂಡು ಕುಣಿಯಿತು. 1987ರಲ್ಲಿ ಹಂಸಲೇಖರ 'ಪ್ರೇಮಲೋಕ' ಕ್ಯಾಸೆಟ್ಟು ಬಂದಾಗಲೂ ಇಲ್ಲಿ ಮರದ ಮೇಲೆ ಹಾರ್ನೇ. ಮುಂದೆ ಸಾಲ ಮಾಡಿ ಹದಿನೈದು ಇಂಚಿನ ಸ್ಪೀಕರಿನ ಎರಡು ಡಬ್ಬಿ ತಂದು ಅದೇ 'ಗೀತಾ'ದ ಹಾಡು ಹಾಕಿದ ರಾತ್ರಿ ಮೈಕದಣ್ಣ ಮನೆಗೆ ಹೋಗದೆ ಗೋದಾಮಿನಲ್ಲಿಯೇ ಕೂತಿದ್ದನಂತೆ. 'ಅಷ್ಟು ವರ್ಷ ಕೇಳಿದ ಹಾಡಿನ ಒಳಗೆ ಇನ್ನೊಬ್ಬ ಕೂತಿದ್ದ. ನನಗೆ ಗೊತ್ತೇ ಇರಲಿಲ್ಲ' ಎಂದು ಈಗಲೂ ಹೇಳುತ್ತಾನೆ.

ಆ ಹಾರ್ನಿನ ಬುಡದಲ್ಲಿ ಆಂಪ್ಲಿಫಯರು ಇಟ್ಟುಕೊಂಡು ರಾತ್ರಿಯಿಡೀ ಬಯಲಾಟಕ್ಕೆ ಕೂತವನು, ಕೋಳಿಅಂಕದಲ್ಲಿ ಹಗಲಿಡೀ ಕೂಗಿಸಿದವನು ಅವನು. 85 ಡೆಸಿಬೆಲಿನ ಸದ್ದನ್ನು ದಿನಕ್ಕೆ ಎಂಟು ಗಂಟೆ ತಡೆಯಬಹುದೆಂದು ಲೆಕ್ಕ. ಅಲ್ಲಿಂದ ಪ್ರತಿ ಮೂರು ಡೆಸಿಬೆಲ್ ಏರಿದರೆ ಸಮಯ ಅರ್ಧ ಮಾಡಬೇಕು. ನೂರು ಡೆಸಿಬೆಲ್ ಎಂದರೆ ಕಾಲು ಗಂಟೆ. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಧ್ವನಿವರ್ಧಕ ಕೂಡದೆಂದು 2000ದಲ್ಲಿ ಕೇಂದ್ರದ ನಿಯಮ ಬಂತು. ಅದು ಊರಿನವರ ನಿದ್ದೆಗಾಗಿ ಬಂದದ್ದು. ಮೈಕ ಹಿಡಿದು ಬುಡದಲ್ಲಿ ಕೂತವನ ಕಿವಿಗೆ ಅಷ್ಟರಲ್ಲಿ ಆಗುವುದು ಆಗಿತ್ತು. ಒಳಗಿವಿಯ ಬಸವನಹುಳದಂಥ ಸುರುಳಿಯಲ್ಲಿ ಸ್ವರ ಹಿಡಿಯುವ ಸೂಕ್ಷ್ಮ ರೋಮಕೋಶಗಳಿವೆ. ಎತ್ತರದ ಸ್ವರದವು ಬಾಗಿಲಲ್ಲೇ, ಕೆಳಸ್ವರದವು ಒಳತುದಿಯಲ್ಲಿ. ಗದ್ದಲಕ್ಕೆ ಮೊದಲು ಸಾಯುವುದು 4000 ಕಂಪನದ ಆಸುಪಾಸಿನವು. ಸತ್ತದ್ದು ಮತ್ತೆ ಚಿಗುರುವುದಿಲ್ಲ. ಆಗ ಮಾತು ಕೇಳುತ್ತದೆ, ಆದರೆ ಸ, ಶ, ತ, ಪಗಳ ಅಂಚು ಹೋಗಿರುತ್ತದೆ. ಹಿಂದಿನ ವರ್ಷ ಯಾರೋ ಫೋನಿನಲ್ಲಿ ಹತ್ತೊಂಬತ್ತಕ್ಕೆ ಎಂದದ್ದನ್ನು ಇಪ್ಪತ್ತೊಂಬತ್ತಕ್ಕೆ ಎಂದು ಬರೆದುಕೊಂಡು, ಮದುವೆ ಮನೆಯವರು ಮುಹೂರ್ತದ ಹೊತ್ತಿಗೆ ಮೈಕವಿಲ್ಲದೆ ನಿಂತಿದ್ದರು. ಫೋನು ಸರಿಯಿಲ್ಲ ಎಂದು ಮೈಕದಣ್ಣ ಹೊಸ ಫೋನು ತಂದಿದ್ದ.

ಆ ದಿನ ಗೋದಾಮಿನಲ್ಲಿ ಯಾರೂ ಇದನ್ನು ಆಡಲಿಲ್ಲ. ಹುಡುಗ ಮಾತು ತಿರುಗಿಸಲೆಂದೇ ತನ್ನ ರೀಮಿಕ್ಸು ಹಾಕಿದ. ಮಾಲಕೌಂಸ್ ಎತ್ತಿಕೊಂಡು, ಅದಕ್ಕೆ ಪಿಲಿವೇಷದ ತಾಸೆ ಡೋಲಿನ ಪೆಟ್ಟು ಸೇರಿಸಿ, 808ರ ಸಣ್ಣ ಗುದ್ದನ್ನು ತೆಗೆದು ಈಗಿನ ಡಿಜೆಗಳ ದೊಡ್ಡ ಗುದ್ದು ಇಟ್ಟಿದ್ದ. ಗೋದಾಮಿನ ಶೀಟು ನಡುಗಿತು. ಮಾಸ್ಟ್ರು ಕಿವಿಗೆ ಬೈರಾಸಿನ ತುದಿ ಒತ್ತಿಕೊಂಡರು. 'ಹಿಂದೋಳಕ್ಕೆ ಹುಲಿ ಹಿಡಿದಿದೆ' ಎಂದರು. ಆದರೂ ಕಾಲಿನ ಹೆಬ್ಬೆರಳು ಅಲ್ಲಾಡುತ್ತಿತ್ತು.

ಮೈಕದಣ್ಣ ಎರಡು ಸಲ ಕೇಳಿದ. ಅಂದರೆ, ಎರಡು ಸಲ ಕೈಯಿಟ್ಟ. ಮೊದಲಿನ ರೆಕಾರ್ಡನ್ನು ಮತ್ತೆ ಹಾಕಿಸಿ ಮೂರನೆಯ ಸಲ ಕೈಯಿಟ್ಟ. ಆಮೇಲೆ ಹೇಳಿದ: 'ಆ ಸರ್ದಾರ್ಜಿದು ನಡೀತದೆ. ನಿಂದು ನಿಂತಲ್ಲೇ ಗುದ್ದುತ್ತದೆ.'

'ಎಂತ ಮಾವ, ಇದರಲ್ಲಿ ಬೇಸು ಎಷ್ಟು ಜಾಸ್ತಿ ಉಂಟು ಗೊತ್ತಾ?'

'ಜಾಸ್ತಿ ಉಂಟು. ಆದರೆ ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿ ಇಲ್ಲ. ಅವನದ್ದು ಜಾರಿಕೊಂಡು ಹೋಗ್ತದೆ. ಹಾವಿನ ಹಾಗೆ. ಕೈಗೆ ಗೊತ್ತಾಗ್ತದೆ.'

ಹುಡುಗ ವಾದಿಸಲಿಲ್ಲ, ಯಾಕೆಂದರೆ ಕಸುಬು ಬಲ್ಲವನು. 303 ಪೆಟ್ಟಿಗೆಯಲ್ಲಿ 'ಸ್ಲೈಡ್' ಎಂದು ಒಂದು ಗುಂಡಿಯಿದೆ. ಹದಿನಾರು ಮನೆಗಳ ಸಾಲಿನಲ್ಲಿ ಯಾವ ಮನೆಗೆ ಅದನ್ನು ಒತ್ತುತ್ತೀರೋ ಅಲ್ಲಿ ಒಂದು ಸ್ವರ ಕಡಿಯದೆ ಮುಂದಿನದಕ್ಕೆ ಜಾರುತ್ತದೆ. ಗಿಟಾರು ಬಾರಿಸುವವರಿಗೆ ಬೇಸಿನ ಜೊತೆಗಾರನಾಗಿ ಇರಲೆಂದು ರೋಲೆಂಡಿನವರು 1981ರಲ್ಲಿ ಇದನ್ನು ಮಾಡಿದ್ದರು. ಬೇಸ್ ಗಿಟಾರಿನ ಹಾಗೆ ಕೇಳಿಸದೆ ಸೋತು 1984ಕ್ಕೆ ನಿಂತೇಹೋಯಿತು. ಸೋತದ್ದಕ್ಕೇ ಅಗ್ಗಕ್ಕೆ ಸಿಕ್ಕಿತು, ಅಗ್ಗಕ್ಕೆ ಸಿಕ್ಕಿದ್ದಕ್ಕೇ ಶಿಕಾಗೋದ ಹುಡುಗರ ಕೈಗೆ ಬಂತು. ಸಿಂಗ್ ಅದರ ಜಾರುವಿಕೆಯಲ್ಲಿ ನಮ್ಮ ಮೀಂಡಿನ ನೆರಳು ಕಂಡಿರಬೇಕು. ಮೇಲಿನ ಕೀಬೋರ್ಡಿಗೆ ಬಾರದ ಗಮಕ ಕೆಳಗಿನ ಬೇಸಿನಲ್ಲಿ ಅಡಗಿ ಕೂತಿದೆ! ಮಾಸ್ಟ್ರು ಮೇಲೆ ಹುಡುಕಿ ಇಲ್ಲವೆಂದದ್ದನ್ನು ಮೈಕದಣ್ಣ ಕೆಳಗೆ ಕೈಯಲ್ಲಿ ಮುಟ್ಟಿದ್ದ. ಚರ್ಮಕ್ಕೆ ಕೆಲವು ನೂರು ಕಂಪನಗಳವರೆಗೆ ಚೆನ್ನಾಗಿಯೇ 'ಕೇಳುತ್ತದೆ', ಬೇಸಿಗೆ ಅಷ್ಟು ಸಾಕು. ಹುಡುಗನ ರೀಮಿಕ್ಸಿನಲ್ಲಿ ಪ್ರತಿ ಗುದ್ದು ಬಿದ್ದಾಗಲೂ ಉಳಿದ ಸದ್ದೆಲ್ಲ ತಗ್ಗುವಂತೆ ಕಟ್ಟಿದ್ದ. ಈಗಿನ ರೂಢಿಯೇ ಅದು; ಗುದ್ದು ಎದ್ದು ಕಾಣಬೇಕೆಂದು. ಜಾರುವ ಸ್ವರ ದಾರಿಯ ನಡುವೆಯೇ ತಗ್ಗಿಹೋಗುತ್ತಿತ್ತು.

ಮುಂದಿನ ಶನಿವಾರಕ್ಕೆ ಅವನು ಇನ್ನೊಂದು ಮಾಡಿ ತಂದ. ದೊಡ್ಡ ಗುದ್ದು ಹೋಗಿ 808ರದ್ದೇ ಮರಳಿ ಬಂದಿತ್ತು. ಆ ಗುದ್ದು ರೆಕಾರ್ಡು ಮಾಡಿದ ಡೋಲಿನದ್ದಲ್ಲ. ದೇವಸ್ಥಾನದ ಗಂಟೆಗೆ ಒಂದು ಪೆಟ್ಟು ಕೊಟ್ಟರೆ ಹೇಗೆ ತನ್ನಷ್ಟಕ್ಕೆ ಅನುರಣಿಸಿ ಕ್ಷೀಣಿಸುತ್ತದೆಯೋ ಹಾಗೆ ಒಂದು ವಿದ್ಯುತ್ ಮಂಡಲಕ್ಕೆ ಪೆಟ್ಟು ಕೊಟ್ಟು, ಸುಮಾರು 50 ಕಂಪನದಲ್ಲಿ ಅನುರಣಿಸಿ ಆರಲು ಬಿಟ್ಟದ್ದು. ತಾಸೆಯನ್ನು ಕೆಲವು ಕಡೆ ಮಾತ್ರ ಉಳಿಸಿದ್ದ. ಮೈಕದಣ್ಣ ಕೈಯಿಟ್ಟು, 'ಈಗ ದಾರಿ ಉಂಟು' ಎಂದ. ಮಾಸ್ಟ್ರು ಮಾತ್ರ ಮೊದಲಿನ ರೀಮಿಕ್ಸೇ ಚೆಂದವಿತ್ತು ಎಂದುಬಿಟ್ಟರು. ಹುಲಿ ಹೋದದ್ದು ಅವರಿಗೆ ಬೇಸರವಾಗಿತ್ತು!

ಆ ಸಂಜೆಯೇ ಹುಡುಗ ವಿಷಯ ತೆಗೆದ. 'ಮಾವ, ಮಂಗಳೂರಿಗೆ ಹೋಗಿ ಒಮ್ಮೆ ಕಿವಿ ತೋರಿಸಿಕೊಂಡು ಬರುವ.' ಮೈಕದಣ್ಣ ರೇಗಿದ. ಮೈಕದವನ ಕಿವಿ ಹೋಗಿದೆ ಎಂದು ಊರಿಗೆ ಗೊತ್ತಾದರೆ ಪಾರ್ಟಿಗಳು ಬೇರೆಯವರ ಹತ್ತಿರ ಹೋಗುತ್ತಾರೆ ಎಂದ. 'ಕೈ ಉಂಟಲ್ಲ' ಎಂದ. ಕೊನೆಗೆ ಒಪ್ಪಿಸಿದ್ದು ಮಾಸ್ಟ್ರು. 'ನೀನು ನನ್ನ ಭಜನೆಗೆ ಮೈಕ ಇಡುವಾಗ ತಾಳದ ಸದ್ದು ಎಲ್ಲರ ಕಿವಿ ಹರಿಯುವ ಹಾಗೆ ಏರಿಸಿ ಇಡ್ತಿಯಲ್ಲ, ಎರಡು ವರ್ಷದಿಂದ. ನಾನು ಹೇಳಲಿಲ್ಲ' ಎಂದರು. ಮೈಕದಣ್ಣ ಆಂಪ್ಲಿಫಯರಿನ ತಿರುಪನ್ನು ನೋಡಿದ. ಟ್ರೆಬಲ್ಲು ಬಲಗಡೆಯ ಕೊನೆಯಲ್ಲಿತ್ತು.

ಪರೀಕ್ಷೆ ಮುಗಿಸಿ ಕೊಟ್ಟ ಕಾಗದದಲ್ಲಿ ಎರಡು ಗೆರೆಗಳಿದ್ದವು. ಎಡದಿಂದ ಸಮನಾಗಿ ಬಂದು, ನಡು ದಾಟಿದೊಡನೆ ಕಂದಕಕ್ಕೆ ಬಿದ್ದಂತೆ ಇಳಿದಿದ್ದವು. ಮೈಕದಣ್ಣ ಕನ್ನಡಕ ಹಾಕಿಕೊಂಡು ನೋಡಿ, ಪರೀಕ್ಷೆ ಮಾಡಿದ ಹುಡುಗಿಗೆ, 'ಈ ಇಕ್ವಲೈಸರ್ ಸೆಟ್ ಮಾಡಿದ್ದು ಯಾರು ಮಾರಾಯ್ತಿ?' ಎಂದನಂತೆ. ಅವಳಿಗೆ ಅರ್ಥವಾಗಲಿಲ್ಲ. ಅಳಿಯನಿಗೆ ಆಯಿತು. ಬಸ್ಸಿನಲ್ಲಿ ಮೂಡುಬಿದಿರೆ ದಾಟುವ ತನಕ ಇಬ್ಬರೂ ಮಾತಾಡಲಿಲ್ಲ.

ಕಿವಿಗೆ ಯಂತ್ರ ಬಂತು. ಗೋದಾಮಿಗೆ ಅದನ್ನು ಹಾಕಿಕೊಂಡು ಬಂದ ಮೊದಲ ದಿನ ಶೀಟಿನ ಮೇಲಿನ ಮಳೆಯ ಸದ್ದು ತಡೆಯಲಾರದೆ ಎರಡು ಸಲ ತೆಗೆದಿಟ್ಟ. ಫ್ಯೂಸು, ಸೆಲ್ಲೊಟೇಪು ಇರುವ ಡ್ರಾವರಿಗೆ ಅದನ್ನು ಸೇರಿಸಿಯೂ ಆಯಿತು. ಮಾಸ್ಟ್ರು ಕೊಡೆ ಮಡಚಿ ಒಳಗೆ ಬಂದಾಗ ಹುಡುಗ ಲಲಿತ್ ಹಾಕಿದ. ಮೈಕದಣ್ಣ ಎಂದಿನಂತೆ ಡಬ್ಬಿಗೆ ಕೈಯೊತ್ತಿ ನಿಂತ. ಸ್ವಲ್ಪ ಹೊತ್ತಿನ ಮೇಲೆ ಡ್ರಾವರು ಎಳೆದು ಯಂತ್ರ ತೆಗೆದು ಕಿವಿಗೆ ಸಿಕ್ಕಿಸಿಕೊಂಡ.

'ಈ ಚಿಸ್ ಚಿಸ್ ಮೊದಲೂ ಇತ್ತಾ?' ಎಂದ.

'ಮೊದಲಿಂದಲೂ ಉಂಟು ಮಾರಾಯ' ಎಂದರು ಮಾಸ್ಟ್ರು.

ಮೈಕದಣ್ಣ ಆಂಪ್ಲಿಫಯರಿನ ಹತ್ತಿರ ಹೋಗಿ ಟ್ರೆಬಲ್ಲಿನ ತಿರುಪನ್ನು ಮೆಲ್ಲಗೆ ಎಡಕ್ಕೆ ತಿರುಗಿಸಿ ನಡುವಿಗೆ ತಂದು ನಿಲ್ಲಿಸಿದ. ಆಮೇಲೆ, 'ಆ ಗೀತಾದ ಹಾಡು ಇದ್ದರೆ ಹಾಕು' ಎಂದು ಅಳಿಯನಿಗೆ ಹೇಳಿದ.